ಉತ್ತರ ಮೊದಲು, ಪ್ರಶ್ನೆ ಆಮೇಲೆ: ಒಂದು ಡೇಟಾಬೇಸ್ ಪರೀಕ್ಷೆಯ ತಯಾರಿಯನ್ನು ಕುರಿತು

ಕಳೆದ ತಿಂಗಳು ಬಳ್ಳಾರಿಯ ಕಂಟೋನ್ಮೆಂಟ್‌ನಲ್ಲಿರುವ ನಮ್ಮ ಮನೆಗೆ ಕುರುಗೋಡಿನ ಹುಡುಗನೊಬ್ಬ ಬಂದಿದ್ದ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಸೋದರತ್ತೆಯ ಮಗ. ತಂತ್ರಾಂಶ ಕ್ಷೇತ್ರದ ಒಂದು ಪ್ರಮಾಣಪತ್ರ ಪರೀಕ್ಷೆಗೆ ಕಟ್ಟಿದ್ದಾನೆ. 'ಅಕ್ಕ ಓದಿದ ಪುಸ್ತಕ ನಿಮ್ಮ ಹತ್ತಿರ ಐತಂತ್ರಿ ಸರ್, ಅದನ್ನು ಕೊಡ್ತೀರಾ' ಎಂದು ಕೇಳಿದ. ಕಪಾಟಿನ ಮೇಲಿನ ಹಲಗೆಯಿಂದ ಪುಸ್ತಕ ಇಳಿಸಿ ಧೂಳು ಒರೆಸಿದೆ. ಆ ಪುಸ್ತಕ ಯಾವ ಪರೀಕ್ಷೆಗಾಗಿ ಬರೆಯಲ್ಪಟ್ಟಿತ್ತೋ ಆ ಪರೀಕ್ಷೆ ಈಗ ಇಲ್ಲ. ಅದು ಕಲಿಸುವ ಉಪಕರಣಗಳಲ್ಲಿ ಕೆಲವನ್ನು ಇಂದು ಯಾರೂ ಹೊಸ ಕೆಲಸಕ್ಕೆ ಬಳಸುವುದಿಲ್ಲ. ಆದರೂ ಹುಡುಗ ತನ್ನ ಚೀಲದಿಂದ ತೆಗೆದು ತೋರಿಸಿದ ಕಾಗದದ ಕಟ್ಟನ್ನು ನೋಡಿದಾಗ, ತಯಾರಿಯ ವಿಧಾನ ಮಾತ್ರ ಒಂದಿಷ್ಟೂ ಬದಲಾಗಿಲ್ಲ ಎಂಬುದು ತಿಳಿಯಿತು. ಕಟ್ಟಿನ ತುಂಬ ಪ್ರಶ್ನೆಗಳು, ಪ್ರತಿಯೊಂದರ ಕೆಳಗೆ ಎ, ಬಿ, ಸಿ, ಡಿ, ಮತ್ತು ದಪ್ಪಕ್ಷರದಲ್ಲಿ ಸರಿಯುತ್ತರ.

ನಾನು ಭೌತಶಾಸ್ತ್ರದ ಮೇಷ್ಟ್ರು. ಗಣಕ ವಿಜ್ಞಾನ ನನ್ನ ಕ್ಷೇತ್ರವಲ್ಲ. ಆದರೆ ಪರೀಕ್ಷೆಯೂ ಒಂದು ಅಳತೆಯ ಸಾಧನ. ಒಂದು ಸಾಧನ ತಾನು ಅಳೆಯುತ್ತೇನೆಂದು ಹೇಳುವುದನ್ನೇ ಅಳೆಯುತ್ತಿದೆಯೇ ಎಂದು ವಿಚಾರಿಸುವುದು ನಮ್ಮ ಕಸುಬಿನ ಮೊದಲ ಪಾಠ. ಆ ಹಕ್ಕಿನಿಂದ ಈ ಪರೀಕ್ಷೆಯನ್ನೂ ಅದಕ್ಕೆ ನಮ್ಮ ಹುಡುಗರು ತಯಾರಾಗುವ ರೀತಿಯನ್ನೂ ಇಲ್ಲಿ ವಿಮರ್ಶಿಸಿದ್ದೇನೆ.

ಪರೀಕ್ಷೆ ಏನನ್ನು ಕೇಳುತ್ತಿತ್ತು?

ನಾವು ಬಳಸುವ ಯಾವುದೇ ತಂತ್ರಾಂಶದಲ್ಲಿ ಎರಡು ಭಾಗಗಳನ್ನು ಗುರುತಿಸಬಹುದು. ಒಂದು, ಮಾಹಿತಿಯನ್ನು ಕೋಷ್ಟಕಗಳಲ್ಲಿ ಜೋಪಾನವಾಗಿಡುವ ದತ್ತಸಂಚಯ, ಅಂದರೆ ಡೇಟಾಬೇಸ್. ಇನ್ನೊಂದು, ಬಳಕೆದಾರನ ಎದುರು ಪರದೆಯ ಮೇಲೆ ಕಾಣುವ ಅನ್ವಯ ಕಾರ್ಯಕ್ರಮ. ಬ್ಯಾಂಕಿನ ಕೌಂಟರಿನಲ್ಲಿ ನಿಮ್ಮ ಪಾಸ್‌ಬುಕ್ ಮುದ್ರಿಸುವಾಗ ಎರಡನೆಯದು ಮೊದಲನೆಯದನ್ನು ಏನೋ ಕೇಳುತ್ತದೆ, ಉತ್ತರ ಪಡೆಯುತ್ತದೆ, ಕೆಲವೊಮ್ಮೆ ಅಲ್ಲಿರುವ ಅಂಕಿಯನ್ನು ಬದಲಿಸುತ್ತದೆ. ಈ ಕೇಳುವ, ಪಡೆಯುವ, ಬದಲಿಸುವ ಕೆಲಸವನ್ನು ಕಾರ್ಯಕ್ರಮದಲ್ಲಿ ಬರೆಯುವ ವಿದ್ಯೆಯೇ ದತ್ತಾಂಶ ಪ್ರವೇಶ.

ಮೈಕ್ರೋಸಾಫ್ಟ್ ಸಂಸ್ಥೆ ಈ ವಿದ್ಯೆಗೇ ಮೀಸಲಾದ ಪರೀಕ್ಷೆಯೊಂದನ್ನು ನಡೆಸುತ್ತಿತ್ತು. ಅದರ ಸಂಖ್ಯೆ 70-516. 2010ರಲ್ಲಿ ಹೊರಬಂದ ಡಾಟ್‌ನೆಟ್ ಫ್ರೇಮ್‌ವರ್ಕ್ 4ನ್ನು ಆಧರಿಸಿದ ಪರೀಕ್ಷೆ ಅದು. ಪಠ್ಯಪಟ್ಟಿಯಲ್ಲಿ ಐದು ವಿಭಾಗಗಳಿದ್ದವು: ದತ್ತಾಂಶದ ಮಾದರಿ ರಚನೆಗೆ ಶೇ. 20, ಸಂಪರ್ಕಗಳ ನಿರ್ವಹಣೆಗೆ 18, ಮಾಹಿತಿಯನ್ನು ಕೇಳುವುದಕ್ಕೆ 22, ಬದಲಿಸುವುದಕ್ಕೆ 22, ನಂಬಲರ್ಹ ಕಾರ್ಯಕ್ರಮಗಳನ್ನು ರಚಿಸಿ ನೆಲೆಗೊಳಿಸುವುದಕ್ಕೆ 18. ಸಾವಿರದ ಮಾಪಕದಲ್ಲಿ 700 ಬಂದರೆ ತೇರ್ಗಡೆ. ಇದಕ್ಕೆ ಗ್ಲೆನ್ ಜಾನ್ಸನ್ ಬರೆದ ಸ್ವಯಂಬೋಧಿನಿಯನ್ನು ಮೈಕ್ರೋಸಾಫ್ಟ್ ಪ್ರೆಸ್ 2011ರಲ್ಲಿ ಪ್ರಕಟಿಸಿತು. ನನ್ನ ಕಪಾಟಿನಲ್ಲಿದ್ದುದು ಅದೇ.

ಮೆಚ್ಚಬೇಕಾದುದನ್ನು ಮೊದಲು ಹೇಳಬೇಕು. ಈ ಪಠ್ಯಪಟ್ಟಿ ಒಳ್ಳೆಯದು. ಸಂಪರ್ಕ, ವ್ಯವಹಾರದ ಅಖಂಡತೆ, ಏಕಕಾಲದ ಬಳಕೆ, ಭದ್ರತೆ ಇವೆಲ್ಲ ಒಬ್ಬ ಕಾರ್ಯಕ್ರಮಕಾರನಿಗೆ ಬೇಕೇ ಬೇಕಾದ ವಿಷಯಗಳು. ಪುಸ್ತಕವೂ ಹರಟೆಗೆ ಹೋಗುವುದಿಲ್ಲ. ಪ್ರತಿ ಪಾಠದ ಕೊನೆಗೆ ಮಾಡಿ ನೋಡುವ ಅಭ್ಯಾಸವಿದೆ. ಕೂತು ಅವನ್ನೆಲ್ಲ ಮಾಡಿದವನಿಗೆ ಕೈ ಪಳಗುತ್ತದೆ. ಒಂದು ಸಣ್ಣ ಊರಿನ ಕಾಲೇಜಿನಲ್ಲಿ ಓದಿದವನಿಗೆ 'ಏನು ಕಲಿಯಬೇಕು' ಎಂಬ ಪಟ್ಟಿ ಸಿಗುವುದೇ ದೊಡ್ಡ ಉಪಕಾರ. ನನ್ನ ಆಕ್ಷೇಪವಿರುವುದು ಪಟ್ಟಿಯ ಬಗ್ಗೆ ಅಲ್ಲ, ಅದನ್ನು ಅಳೆದ ಬಗೆಗೆ ಮತ್ತು ಅಳತೆಗೆ ತಕ್ಕಂತೆ ಹುಟ್ಟಿಕೊಂಡ ಓದಿನ ಬಗೆಗೆ.

ತೂರದ ರಾಶಿ

ಹದಿಮೂರು ವರ್ಷಗಳ ಹಿಂದೆ ಆ ವಿದ್ಯಾರ್ಥಿನಿ ಒಂದು ಹಾಳೆ ಹಿಡಿದು ಬಂದಿದ್ದಳು. ಸಿರುಗುಪ್ಪ ತಾಲ್ಲೂಕಿನವಳು. ತಂದೆ ಅಕ್ಕಿ ಗಿರಣಿಯಲ್ಲಿ ಗುಮಾಸ್ತರು. ನಮ್ಮಲ್ಲಿ ಬಿ.ಎಸ್ಸಿ. ಮುಗಿಸಿ ಮುಂದೆ ಎಂಸಿಎ ಮಾಡಿದ್ದಳು. 'ಸರ್, ಉತ್ತರ ಸಿ ಅಂತ ಐತ್ರಿ. ಯಾಕೆ ಸಿ ಅಂತ ಗೊತ್ತಾಗ್ತಿಲ್ರಿ' ಎಂದಳು.

ಪ್ರಶ್ನೆ ಇದು: ಕಾರ್ಯಕ್ರಮದಲ್ಲಿ 'ಟ್ರಾನ್ಸಾಕ್ಷನ್ ಸ್ಕೋಪ್' ಎಂಬ ಸಾಧನವನ್ನು ಏನೂ ಸೂಚಿಸದೆ ಬಳಸಿದರೆ ಎರಡು ವ್ಯವಹಾರಗಳ ನಡುವಣ ಪ್ರತ್ಯೇಕತೆಯ ಮಟ್ಟ ಯಾವುದಾಗಿರುತ್ತದೆ? ಉತ್ತರ, 'ಸೀರಿಯಲೈಸಬಲ್'. ಆದರೆ ಅವಳು ಇನ್ನೊಂದು ಕಡೆ ಎಸ್‌ಕ್ಯೂಎಲ್ ಸರ್ವರ್‌ನ ಸಹಜ ಮಟ್ಟ 'ರೀಡ್ ಕಮಿಟೆಡ್' ಎಂದು ಓದಿದ್ದಳು. ಎರಡೂ ನಿಜ. ಒಂದು ಡೇಟಾಬೇಸ್ ತಾನಾಗಿ ಆರಿಸಿಕೊಳ್ಳುವ ಮಟ್ಟ, ಇನ್ನೊಂದು ಡಾಟ್‌ನೆಟ್‌ನ ಆ ಸಾಧನ ಅದರ ಮೇಲೆ ಹೇರುವ ಮಟ್ಟ. ಮೊದಲನೆಯದರಲ್ಲಿ, ಬೇರೆಯವರು ಪೂರ್ತಿ ಮುಗಿಸಿದ ಬದಲಾವಣೆ ಮಾತ್ರ ನಮಗೆ ಕಾಣುತ್ತದೆ. ಎರಡನೆಯದರಲ್ಲಿ, ಎಲ್ಲ ವ್ಯವಹಾರಗಳೂ ಸರದಿಯಲ್ಲಿ ಒಂದಾದ ಮೇಲೊಂದು ನಡೆದಂತೆ ಫಲಿತಾಂಶ ಬರಬೇಕು. ಅದಕ್ಕಾಗಿ ಬೀಗಗಳು ಹೆಚ್ಚು, ಕಾಯುವುದೂ ಹೆಚ್ಚು. ಹೀಗಿರುವಾಗ 'ಸಿ' ಎಂಬ ಅಕ್ಷರವನ್ನು ಬಾಯಿಪಾಠ ಮಾಡಿದವನು ಪರೀಕ್ಷೆಯಲ್ಲಿ ಪಾರಾಗುತ್ತಾನೆ. ಆದರೆ ಹತ್ತು ಜನ ಒಟ್ಟಿಗೆ ಬಳಸುವ ಕಾರ್ಯಕ್ರಮ ಇದ್ದಕ್ಕಿದ್ದಂತೆ ಏಕೆ ತೆವಳುತ್ತಿದೆ ಎಂದು ಕೇಳಿದರೆ ಅವನ ಬಳಿ ಉತ್ತರವಿಲ್ಲ.

ಇಂಥ ಪ್ರಶ್ನೋತ್ತರಗಳ ಕಟ್ಟಿಗೆ ಪರೀಕ್ಷಾರ್ಥಿಗಳ ನಡುವೆ 'ಡಂಪ್' ಎಂದು ಹೆಸರು. ಡಂಪ್ ಎಂದರೆ ಸುರುವಿದ ರಾಶಿ. ನಮ್ಮ ಕಡೆ ಕಣದಲ್ಲಿ ರಾಶಿ ಮಾಡಿದ ಮೇಲೆ ತೂರುತ್ತಾರೆ. ಇದು ತೂರದ ರಾಶಿ. ಕಾಳೂ ಅದರಲ್ಲೇ, ಹೊಟ್ಟೂ ಅದರಲ್ಲೇ. ಪರೀಕ್ಷೆ ಬರೆದು ಬಂದವರು ನೆನಪಿನಿಂದ ಬರೆದುಕೊಟ್ಟ ಪ್ರಶ್ನೆಗಳು, ಯಾರೋ ಊಹಿಸಿದ ಉತ್ತರಗಳು, ತಪ್ಪಾಗಿ ನಕಲಾದ ಕಾರ್ಯಕ್ರಮದ ಸಾಲುಗಳು ಎಲ್ಲ ಸೇರಿರುತ್ತವೆ. ಇವನ್ನು ಬಳಸುವುದು ಪರೀಕ್ಷಾರ್ಥಿ ಒಪ್ಪಿ ಸಹಿ ಮಾಡುವ ಕರಾರಿಗೂ ವಿರುದ್ಧ. ಸಿಕ್ಕಿಬಿದ್ದರೆ ಪ್ರಮಾಣಪತ್ರವೇ ರದ್ದಾಗಬಹುದು. ಆದರೆ ನನ್ನ ಚಿಂತೆ ನಿಯಮಭಂಗಕ್ಕಿಂತ ಮುಂದಿನದು. ಈ ರಾಶಿಯಿಂದ ಓದಿದವನಿಗೆ ತಾನು ಕಲಿತಿಲ್ಲವೆಂಬುದೂ ತಿಳಿಯುವುದಿಲ್ಲ.

ಲೋಲಕದ ಪಾಠ

ಹೀಗೆ ಹೇಳುವಾಗ ನನ್ನ ಬೆನ್ನನ್ನೂ ನೋಡಿಕೊಳ್ಳಬೇಕು. ಬಿ.ಎಸ್ಸಿ. ಮೊದಲ ವರ್ಷದ ಪ್ರಯೋಗಾಲಯದಲ್ಲಿ ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷ, ಅಂದರೆ 'ಜಿ' ಬೆಲೆ ಕಂಡುಹಿಡಿಯುವ ಪ್ರಯೋಗವಿದೆ. ಉತ್ತರ ಎಲ್ಲರಿಗೂ ಮೊದಲೇ ಗೊತ್ತು: ಸೆಕೆಂಡಿನ ವರ್ಗಕ್ಕೆ 980 ಸೆಂಟಿಮೀಟರು. ಪ್ರಾಮಾಣಿಕವಾಗಿ ಎಣಿಸಿದ ಹುಡುಗನಿಗೆ 970 ಬರುತ್ತದೆ. ಪಕ್ಕದವನ ಪುಸ್ತಕ ನೋಡಿ ಆತ ಆಂದೋಲನಗಳ ಕಾಲವನ್ನು ಸ್ವಲ್ಪ ತಿದ್ದುತ್ತಾನೆ. 980 ಬಂದೇ ಬಿಡುತ್ತದೆ! ಉತ್ತರದಿಂದ ಹಿಂದಕ್ಕೆ ನಡೆದು ಪ್ರಯೋಗ ಮುಟ್ಟುವುದು ಹೀಗೆ.

ಇದರಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. 'ಜಿ' ಬೆಲೆ ಅಕ್ಷಾಂಶದೊಂದಿಗೂ ಎತ್ತರದೊಂದಿಗೂ ಬದಲಾಗುತ್ತದೆ. ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಬಳ್ಳಾರಿಯಲ್ಲಿ ಅದು ಸುಮಾರು 978. ಅಂದರೆ ಪುಸ್ತಕ ನೋಡಿ ತಿದ್ದಿದ ಹುಡುಗ ತನ್ನ ಊರಿನ ಸತ್ಯವನ್ನು ಬಿಟ್ಟು ಬೇರೆ ಊರಿನ ಸತ್ಯವನ್ನು ಬರೆದಿರುತ್ತಾನೆ. ಅವನಿಗೆ ಪೂರ್ಣಾಂಕ ಕೊಟ್ಟವರಲ್ಲಿ ನಾನೂ ಒಬ್ಬ. ಎಷ್ಟೋ ವರ್ಷ ಕೊಟ್ಟಿದ್ದೇನೆ. ಡಂಪ್‌ನಿಂದ ಓದುವ ಅಭ್ಯಾಸವನ್ನು ನಮ್ಮ ಹುಡುಗರು ಹೊರಗಿನಿಂದ ಕಲಿತು ಬಂದರೆಂದು ಹೇಳುವ ಧೈರ್ಯ ನನಗಿಲ್ಲ.

ಅಳಿಯುವ ಹೆಸರು, ಉಳಿಯುವ ತತ್ತ್ವ

ಪರೀಕ್ಷೆಯ ಮೇಲಿನ ಎರಡನೆಯ ಆಕ್ಷೇಪ ಅದರ ಆಯುಷ್ಯಕ್ಕೆ ಸಂಬಂಧಿಸಿದ್ದು. ಪುಸ್ತಕದ ಅಧ್ಯಾಯಗಳಲ್ಲಿ 'ಲಿಂಕ್ ಟು ಎಸ್‌ಕ್ಯೂಎಲ್'ಗೆ ಒಂದು ಇಡೀ ಅಧ್ಯಾಯವಿದೆ. ಆದರೆ ಅದಕ್ಕಿಂತ 'ಎಂಟಿಟಿ ಫ್ರೇಮ್‌ವರ್ಕ್' ಅನ್ನು ಆರಿಸಿಕೊಳ್ಳಿ ಎಂದು ಮೈಕ್ರೋಸಾಫ್ಟ್ 2008ರಲ್ಲೇ ಸಲಹೆ ಮಾಡಿತ್ತು. ಆ ಎಂಟಿಟಿ ಫ್ರೇಮ್‌ವರ್ಕ್‌ನಲ್ಲಿ ಪರೀಕ್ಷೆ ಕೇಳುತ್ತಿದ್ದ ಮುಖ್ಯ ವರ್ಗ 'ಆಬ್ಜೆಕ್ಟ್ ಕಾಂಟೆಕ್ಸ್ಟ್'. ಪುಸ್ತಕ ಬಂದ ವರ್ಷವೇ, 2011ರಲ್ಲಿ, ಅದರ ಬದಲಿಗೆ 'ಡಿಬಿ ಕಾಂಟೆಕ್ಸ್ಟ್' ಬಂದಿತು. 2016ರಲ್ಲಿ ಇಡೀ ಚೌಕಟ್ಟನ್ನೇ ಹೊಸದಾಗಿ ಬರೆದು 'ಎಂಟಿಟಿ ಫ್ರೇಮ್‌ವರ್ಕ್ ಕೋರ್' ಎಂದು ಕರೆದರು. ಪರೀಕ್ಷೆ ನಿಂತು ವರ್ಷಗಳಾದವು. ಅದರ ಮುಂದಿನ ಪೀಳಿಗೆಯ ಎಂಸಿಎಸ್‌ಡಿ ಪ್ರಮಾಣಪತ್ರವೂ 2021ರ ಜನವರಿ 31ಕ್ಕೆ ನಿವೃತ್ತವಾಯಿತು.

ಇದಕ್ಕೆ ಎದುರಾಗಿ ಇನ್ನೊಂದು ಪಟ್ಟಿಯನ್ನು ಇಡೋಣ. ಮಾಹಿತಿಯನ್ನು ಕೋಷ್ಟಕರೂಪದ ಸಂಬಂಧಗಳಾಗಿ ನೋಡಬೇಕೆಂದು ಐಬಿಎಂನ ಎಡ್ಗರ್ ಕಾಡ್ ಪ್ರಬಂಧ ಪ್ರಕಟಿಸಿದ್ದು 1970ರಲ್ಲಿ. ಆ ಕೋಷ್ಟಕಗಳನ್ನು ಪ್ರಶ್ನಿಸುವ ಭಾಷೆಯನ್ನು ಚೇಂಬರ್ಲಿನ್ ಮತ್ತು ಬಾಯ್ಸ್ ಮುಂದಿಟ್ಟಿದ್ದು 1974ರಲ್ಲಿ. ಇಂದಿನ ಎಸ್‌ಕ್ಯೂಎಲ್ ಅದರದೇ ಸಂತತಿ. ವ್ಯವಹಾರ ಪೂರ್ತಿ ನಡೆಯಬೇಕು, ಇಲ್ಲವೇ ನಡೆದೇ ಇಲ್ಲದಂತಿರಬೇಕು ಎಂಬ ತತ್ತ್ವವನ್ನು ಗಟ್ಟಿಗೊಳಿಸಿದ ಜಿಮ್ ಗ್ರೇ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಬಂತು. ಜಾವಾ ಭಾಷೆಯ ಜೆಡಿಬಿಸಿ ಸಂಪರ್ಕ ವ್ಯವಸ್ಥೆ 1997ರದು. ಅದರ 'ಕನೆಕ್ಷನ್', 'ಸ್ಟೇಟ್‌ಮೆಂಟ್', 'ರಿಸಲ್ಟ್‌ಸೆಟ್' ಎಂಬ ಹೆಸರುಗಳು ಜಾವಾ 17ರ ಪರೀಕ್ಷೆಯ ಪಠ್ಯದವರೆಗೂ ಉಳಿದು ಬಂದವು.

ಹೀಗಾಗಿ ಒಂದೇ ಪಠ್ಯಪಟ್ಟಿಯಲ್ಲಿ ಐದು ವರ್ಷ ಬಾಳುವ ಸಂಗತಿಗಳೂ ಐವತ್ತು ವರ್ಷ ಬಾಳುವ ಸಂಗತಿಗಳೂ ಪಕ್ಕಪಕ್ಕದಲ್ಲಿ ಕೂತಿರುತ್ತವೆ. ಯಾವುದು ಯಾವುದೆಂದು ಪರೀಕ್ಷೆ ಹೇಳುವುದಿಲ್ಲ. ಬಹು ಆಯ್ಕೆಯ ಪ್ರಶ್ನೆಗೆ ಹೆಸರುಗಳೇ ಸುಲಭದ ಸರಕು. ಒಂದು ವರ್ಗದ ಹೆಸರು, ಒಂದು ಗುಣದ ಹೆಸರು, ಅವುಗಳ ಸಹಜ ಬೆಲೆ. ಆದುದರಿಂದ ಓದುವವನ ಶ್ರಮ ತಾನಾಗಿಯೇ ಬೇಗ ಅಳಿಯುವ ಕಡೆಗೆ ಹರಿಯುತ್ತದೆ.

ಕೆಡಿಸಿ ಕಲಿಯುವ ನಾಲ್ಕು ಪ್ರಯೋಗಗಳು

ಹಾಗಾದರೆ ಮಾಡಬೇಕಾದುದೇನು? ಪಠ್ಯಪಟ್ಟಿಯ ಪ್ರತಿ ಶೀರ್ಷಿಕೆಯನ್ನೂ ಒಂದು ಪ್ರಯೋಗವಾಗಿ ಬದಲಿಸಿಕೊಳ್ಳಬೇಕು, ಅದೂ ಕೆಡಿಸುವ ಪ್ರಯೋಗವಾಗಿ. ಎಸ್‌ಕ್ಯೂಎಲ್ ಸರ್ವರ್‌ನ ಎಕ್ಸ್‌ಪ್ರೆಸ್ ಆವೃತ್ತಿ ಉಚಿತ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಕೂಡ ಉಚಿತವಾಗಿ ದೊರೆಯುತ್ತವೆ. ಬೇಕಾಗಿರುವುದು ಒಂದು ಸಾಧಾರಣ ಗಣಕ ಮತ್ತು ಒಂದು ನೋಟ್‌ಬುಕ್. ಆ ವಿದ್ಯಾರ್ಥಿನಿಯೊಂದಿಗೆ ಕೂತು ನಾವು ಸಿರುಗುಪ್ಪದ ಅಕ್ಕಿ ಗಿರಣಿಯ ಲೆಕ್ಕವನ್ನೇ ಮಾದರಿಯಾಗಿ ತೆಗೆದುಕೊಂಡೆವು: ಒಂದು ದಾಸ್ತಾನು ಕೋಷ್ಟಕ, ಒಂದು ಬಿಲ್ಲಿನ ಕೋಷ್ಟಕ, ಒಂದು ಗಿರಾಕಿಗಳ ಕೋಷ್ಟಕ.

ಮೊದಲನೆಯದು, ಕರೆಂಟ್ ಹೋಗುವ ಪ್ರಯೋಗ. ಇದನ್ನು ನಾವು ಯೋಜಿಸಿರಲಿಲ್ಲ. ಬೇಸಿಗೆಯ ಮಧ್ಯಾಹ್ನ, ಆಕೆಯ ಕಾರ್ಯಕ್ರಮ ದಾಸ್ತಾನಿನಿಂದ 200 ಚೀಲ ಕಳೆದು, ಬಿಲ್ಲಿನ ಕೋಷ್ಟಕಕ್ಕೆ ಒಂದು ಸಾಲು ಸೇರಿಸಬೇಕಿತ್ತು. ನಡುವಿನ ಹೆಜ್ಜೆಗಳನ್ನು ಕಣ್ಣಾರೆ ನೋಡಲೆಂದು ಕಾರ್ಯಕ್ರಮವನ್ನು ಮಧ್ಯದಲ್ಲಿ ನಿಲ್ಲಿಸಿದ್ದಳು. ಅಷ್ಟರಲ್ಲಿ ಕರೆಂಟ್ ಹೋಯಿತು. ಗಣಕಕ್ಕೆ ಯುಪಿಎಸ್ ಇರಲಿಲ್ಲ. ಒಂದು ಗಂಟೆಯ ನಂತರ ಮತ್ತೆ ತೆರೆದಾಗ ದಾಸ್ತಾನಿನಲ್ಲಿ 200 ಚೀಲ ಕಡಿಮೆ, ಬಿಲ್ಲು ಮಾತ್ರ ಇಲ್ಲ. 'ಅಪ್ಪನ ಮ್ಯಾಲೆ ಬರ್ತಿತ್ತು ಸರ್ ಇದು' ಎಂದಳು. ಗಿರಣಿಯಲ್ಲಿ 200 ಚೀಲ ಲೆಕ್ಕ ತಪ್ಪಿದರೆ ಗುಮಾಸ್ತನನ್ನೇ ಕೇಳುತ್ತಾರಲ್ಲವೆ? ಎರಡೂ ಹೆಜ್ಜೆಗಳನ್ನು ಒಂದು ಟ್ರಾನ್ಸಾಕ್ಷನ್‌ನೊಳಗಿಟ್ಟು ಮತ್ತೆ ಮಾಡಿದೆವು. ಈ ಸಲ ನಾವೇ ಸ್ವಿಚ್ ಆರಿಸಿದೆವು. ತೆರೆದಾಗ ದಾಸ್ತಾನು ಮೊದಲಿನಷ್ಟೇ ಇತ್ತು. ಡೇಟಾಬೇಸ್ ಪ್ರತಿ ಬದಲಾವಣೆಯನ್ನೂ ಮೊದಲು ಒಂದು ದಿನಚರಿಯಲ್ಲಿ ಬರೆದಿಡುತ್ತದೆ. ಮತ್ತೆ ಎದ್ದಾಗ ಆ ದಿನಚರಿ ಓದಿ, ಪೂರ್ತಿಯಾಗದ ಕೆಲಸವನ್ನು ಅಳಿಸಿಹಾಕುತ್ತದೆ.

ಎರಡನೆಯದು, ಡಿ'ಸೋಜ ಅವರ ಪ್ರಯೋಗ. ಬಳಕೆದಾರ ಟೈಪು ಮಾಡಿದ ಹೆಸರನ್ನು ನೇರವಾಗಿ ಎಸ್‌ಕ್ಯೂಎಲ್ ವಾಕ್ಯಕ್ಕೆ ಅಂಟಿಸಿ ಕಳುಹಿಸುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. 'ಬಸವರಾಜ' ಎಂದು ಕೊಟ್ಟರೆ ಎಲ್ಲ ಸರಿ. ಮಂಗಳೂರಿನ ಕಡೆಯ ಡಿ'ಸೋಜ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟು ನೋಡಿ. ಹೆಸರಿನ ನಡುವಿನ ಆ ಚಿಹ್ನೆಯೇ ಎಸ್‌ಕ್ಯೂಎಲ್‌ನಲ್ಲಿ ಪಠ್ಯ ಮುಗಿಯಿತೆಂಬ ಗುರುತು. ಹೆಸರು 'ಡಿ'ಗೆ ಮುಗಿದು, ಉಳಿದ 'ಸೋಜ' ಆಜ್ಞೆಯ ಭಾಗವೆಂದು ಭಾವಿಸಿ ಡೇಟಾಬೇಸ್ ತಪ್ಪು ತೋರಿಸುತ್ತದೆ. ಒಬ್ಬ ಸಜ್ಜನ ಗಿರಾಕಿಯ ಹೆಸರು ಆಜ್ಞೆಯಾಗಬಹುದಾದರೆ ದುರ್ಜನನೊಬ್ಬ ಅಲ್ಲಿ ಬೇಕೆಂದೇ ಆಜ್ಞೆ ಬರೆಯಬಹುದಲ್ಲ! ಇದೇ ಎಸ್‌ಕ್ಯೂಎಲ್ ಇಂಜೆಕ್ಷನ್. ಇದರ ಬಗ್ಗೆ 1998ರಲ್ಲೇ ಬಹಿರಂಗವಾಗಿ ಬರೆಯಲಾಗಿತ್ತು. ಆದರೂ 2015ರಲ್ಲಿ ಬ್ರಿಟನ್ನಿನ ಟಾಕ್‌ಟಾಕ್ ಎಂಬ ದೂರಸಂಪರ್ಕ ಕಂಪನಿಯ ಸುಮಾರು 1,57,000 ಗ್ರಾಹಕರ ಮಾಹಿತಿ ಇದೇ ದಾರಿಯಲ್ಲಿ ಕಳುವಾಯಿತು. ಮರುವರ್ಷ ಅಲ್ಲಿನ ಮಾಹಿತಿ ಆಯುಕ್ತರ ಕಚೇರಿ ನಾಲ್ಕು ಲಕ್ಷ ಪೌಂಡು ದಂಡ ವಿಧಿಸಿತು. ಪರಿಹಾರ ಸರಳ: ಬೆಲೆಯನ್ನು ವಾಕ್ಯಕ್ಕೆ ಅಂಟಿಸದೆ ಪ್ರತ್ಯೇಕ ಪ್ಯಾರಾಮೀಟರ್ ಆಗಿ ಕಳುಹಿಸಬೇಕು. ಆಗ ಅದು ಎಂದಿಗೂ ಆಜ್ಞೆಯಾಗದು.

ಮೂರನೆಯದು, ಇಬ್ಬರು ಗುಮಾಸ್ತರ ಪ್ರಯೋಗ. ದಾಸ್ತಾನು 500 ಚೀಲ. ಇಬ್ಬರೂ ತಮ್ಮ ತಮ್ಮ ಪರದೆಯಲ್ಲಿ 500 ಎಂದು ಓದುತ್ತಾರೆ. ಒಬ್ಬ 200 ಚೀಲ ಮಾರಿ 300 ಎಂದು ಬರೆಯುತ್ತಾನೆ. ಇನ್ನೊಬ್ಬ 150 ಮಾರಿ 350 ಎಂದು ಬರೆಯುತ್ತಾನೆ. ಉಳಿಯಬೇಕಾದುದು 150, ಕೋಷ್ಟಕದಲ್ಲಿ ಉಳಿದದ್ದು 350. ಯಾವ ತಪ್ಪಿನ ಸಂದೇಶವೂ ಬರುವುದಿಲ್ಲ. ಇದಕ್ಕೆ ಪುಸ್ತಕ ಹೇಳುವ ಪರಿಹಾರ ಸೊಗಸಾಗಿದೆ: 'ಈಗಲೂ 500 ಇದ್ದರೆ ಮಾತ್ರ ಬದಲಿಸು' ಎಂದು ಕೇಳಬೇಕು. ಎಷ್ಟು ಸಾಲು ಬದಲಾದವೆಂಬ ಉತ್ತರ ಸೊನ್ನೆ ಬಂದರೆ ನಡುವೆ ಬೇರೆಯವರು ಕೈಹಾಕಿದ್ದಾರೆ ಎಂದರ್ಥ. ಪರೀಕ್ಷೆ ಇಲ್ಲಿ ಆ ಸಂದರ್ಭದಲ್ಲಿ ಏಳುವ ದೋಷದ ಹೆಸರನ್ನು ಕೇಳಬಹುದು. ಆದರೆ ಆ ಹೆಸರನ್ನು ಕಾಣುವ ಮೊದಲು 350 ಎಂಬ ಸುಳ್ಳು ಅಂಕಿಯನ್ನು ಒಮ್ಮೆ ಕಣ್ಣಾರೆ ಕಂಡಿರಬೇಕು.

ನಾಲ್ಕನೆಯದು, ಬಳ್ಳಾರಿಯ ಪ್ರಯೋಗ. ನನ್ನ ದೃಷ್ಟಿಯಲ್ಲಿ ಪರೀಕ್ಷೆಯ ದೊಡ್ಡ ಕೊರತೆ ಕಾಣುವುದು ಇಲ್ಲೇ. ಮೈಕ್ರೋಸಾಫ್ಟ್ ಕಲಿಯುವವರಿಗಾಗಿ ವರ್ಷಗಟ್ಟಲೆ ಕೊಟ್ಟ ಮಾದರಿ ಡೇಟಾಬೇಸ್ 'ನಾರ್ತ್‌ವಿಂಡ್' ಎಂಬ ಕಾಲ್ಪನಿಕ ವ್ಯಾಪಾರಿ ಸಂಸ್ಥೆಯದು. ಅದರ 91 ಗ್ರಾಹಕರು 21 ದೇಶಗಳವರು, ಎಲ್ಲವೂ ಯೂರೋಪ್ ಮತ್ತು ಅಮೆರಿಕ ಖಂಡಗಳ ದೇಶಗಳು, ಎಲ್ಲ ಹೆಸರುಗಳೂ ರೋಮನ್ ಲಿಪಿಯಲ್ಲಿ. ಅದರಲ್ಲೇ ಪಳಗಿದವರು ಸಾಮಾನ್ಯ 'ವಾರ್‌ಕ್ಯಾರ್' ಮಾದರಿಯ ಕಾಲಂ ಮಾಡಿ ಅದಕ್ಕೆ 'ಬಳ್ಳಾರಿ' ಎಂದು ಕನ್ನಡದಲ್ಲಿ ತುಂಬಲಿ. ಮತ್ತೆ ಓದಿದಾಗ ಕಾಣುವುದು ಸಾಲಾಗಿ ಏಳು ಪ್ರಶ್ನಾರ್ಥಕ ಚಿಹ್ನೆಗಳು. ಕಣ್ಣಿಗೆ ಮೂರೇ ಅಕ್ಷರ, ಚಿಹ್ನೆ ಏಳೇಕೆ? ಯೂನಿಕೋಡ್‌ನಲ್ಲಿ ಬ, ಳ, ವಿರಾಮ, ಮತ್ತೆ ಳ, ಆಕಾರದ ಗುರುತು, ರ, ಇಕಾರದ ಗುರುತು ಎಂದು ಏಳು ಸಂಕೇತಗಳಿವೆ. ಹಳೆಯ ಸಂಕೇತಪಟ್ಟಿಯಲ್ಲಿ ಅವುಗಳಿಗೆ ಜಾಗವಿಲ್ಲದ್ದರಿಂದ ಒಂದೊಂದಕ್ಕೂ ಒಂದೊಂದು ಪ್ರಶ್ನಾರ್ಥಕ ಬಿತ್ತು. ಹೀಗೆ ಹೋದದ್ದು ಹೋಯಿತು, ಚಿಹ್ನೆಗಳಿಂದ ಹೆಸರನ್ನು ಮತ್ತೆ ಪಡೆಯಲಾಗದು.

ಕಾಲಂ 'ಎನ್‌ವಾರ್‌ಕ್ಯಾರ್' ಆಗಿದ್ದರೆ ಕನ್ನಡ ಉಳಿಯುತ್ತದೆ. ಆದರೆ ಅಳತೆ ಐದು ಎಂದು ಕೊಟ್ಟರೆ ಮೂರಕ್ಷರದ ಬಳ್ಳಾರಿ ಅದರಲ್ಲಿ ಹಿಡಿಸದು. ಏಳಾದರೂ ಬೇಕು. ನಾಲ್ಕಕ್ಷರದ ಸಿರುಗುಪ್ಪಕ್ಕೆ ಒಂಬತ್ತು ಬೇಕು. 2019ರ ಎಸ್‌ಕ್ಯೂಎಲ್ ಸರ್ವರ್‌ನಿಂದ ಸಾಮಾನ್ಯ 'ವಾರ್‌ಕ್ಯಾರ್'ನಲ್ಲೂ ಯುಟಿಎಫ್-8 ಬಳಸಬಹುದಾಗಿದೆ. ಅಲ್ಲಿ ಎಣಿಕೆ ಬೈಟ್‌ಗಳಲ್ಲಿ, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್, ಆದುದರಿಂದ ಬಳ್ಳಾರಿಗೆ 21. ಯೂನಿಕೋಡ್ ಬರುವ ಮುಂಚೆ ನುಡಿ, ಬರಹ ಮುಂತಾದವುಗಳ ಅಕ್ಷರ ವಿನ್ಯಾಸದಲ್ಲಿ ತುಂಬಿದ ಹೆಸರುಗಳು ಕೋಷ್ಟಕದಲ್ಲಿ ರೋಮನ್ ಲಿಪಿಯ ವಿಚಿತ್ರ ಚಿಹ್ನೆಗಳಾಗಿ ಕೂತಿರುತ್ತಿದ್ದವು. ಅವನ್ನು ಅಕಾರಾದಿಯಾಗಿ ಜೋಡಿಸಲು ಹೋದರೆ ಕನ್ನಡದ ಕ್ರಮ ಬರುತ್ತಿರಲಿಲ್ಲ. ಕರ್ನಾಟಕದಲ್ಲಿ ಕೆಲಸ ಮಾಡುವ ಕಾರ್ಯಕ್ರಮಕಾರನಿಗೆ ಮೊದಲ ವಾರವೇ ಎದುರಾಗುವ ಸಮಸ್ಯೆ ಇದು. 980 ಎಂದು ಬರೆದು ಅಂಕ ಪಡೆದ ಹುಡುಗನಂತೆ, ನಾರ್ತ್‌ವಿಂಡ್‌ನ ಉತ್ತರ ಕಲಿತವನಿಗೆ ಬಳ್ಳಾರಿಯ 978 ಕಾಣುವುದೇ ಇಲ್ಲ.

ಯಾರ ಹೆಸರು ಆ ಸಾಲಿನಲ್ಲಿದೆ?

ಇಷ್ಟೆಲ್ಲ ಸೂಕ್ಷ್ಮ ಬೇಕೆ, ಪ್ರಮಾಣಪತ್ರ ಬಂದು ಕೆಲಸ ಸಿಕ್ಕರೆ ಸಾಲದೆ ಎಂದು ಕೇಳುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ದೊಡ್ಡ ಕಾಲೇಜಿನ ಹೆಸರಿಲ್ಲದ, ಬೆಂಗಳೂರಿನಲ್ಲಿ ಪರಿಚಯದವರಿಲ್ಲದ ಹುಡುಗನಿಗೆ ಅರ್ಜಿಯಲ್ಲಿ ತೋರಿಸಲು ಒಂದು ಕಾಗದ ಬೇಕು. ಕಟ್ಟಿದ ಶುಲ್ಕ ಅವನ ಮನೆಗೆ ಹಗುರವಾದದ್ದೂ ಅಲ್ಲ. ಒಂದೇ ಸಲಕ್ಕೆ ಪಾಸಾಗಬೇಕೆಂಬ ಭಯದಲ್ಲಿ ಆತ ಡಂಪ್ ಹಿಡಿಯುತ್ತಾನೆ. ಆ ಭಯ ನಿಜವಾದದ್ದು.

ಆದರೆ ಆ ಕೆಲಸ ಸಿಕ್ಕ ಮೇಲೆ ಆತ ಮುಟ್ಟುವ ಕೋಷ್ಟಕಗಳನ್ನು ನೆನೆಯಿರಿ. 2000ದ ದಶಕದ ಆರಂಭದಲ್ಲಿ ನಮ್ಮ ರಾಜ್ಯದ 'ಭೂಮಿ' ಯೋಜನೆಯಡಿ ಸುಮಾರು 67 ಲಕ್ಷ ರೈತರ ಸುಮಾರು ಎರಡು ಕೋಟಿ ಪಹಣಿಗಳು ಗಣಕಕ್ಕೆ ಸೇರಿದವು. ಅಲ್ಲಿಂದ ಮುಂದೆ ರೈತನ ಜಮೀನಿನ ದಾಖಲೆ ಎಂದರೆ ಒಂದು ಡೇಟಾಬೇಸಿನ ಸಾಲು. ಜಮೀನು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಬದಲಾಗುವುದೆಂದರೆ ಒಂದು ಕಡೆ ಕಳೆದು ಇನ್ನೊಂದು ಕಡೆ ಕೂಡಿಸುವ ವ್ಯವಹಾರ. ಅದು ಅರ್ಧಕ್ಕೆ ನಿಂತರೆ? ಹೆಸರು ಪ್ರಶ್ನಾರ್ಥಕ ಚಿಹ್ನೆಗಳಾದರೆ? ಪಡಿತರ ಚೀಟಿ, ಆಸ್ಪತ್ರೆಯ ಕಡತ, ವಿದ್ಯಾರ್ಥಿವೇತನ, ಎಲ್ಲವೂ ಇದೇ ಬಗೆಯ ಸಾಲುಗಳು. ಪರೀಕ್ಷೆಯಲ್ಲಿ ತಪ್ಪಿದರೆ ಒಂದು ಅಂಕ ಹೋಗುತ್ತದೆ. ಇಲ್ಲಿ ತಪ್ಪಿದರೆ ಸಾಲಿನ ಆಚೆಗಿರುವ ಮನುಷ್ಯ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ.

ಇಂದು ಇನ್ನೊಂದು ಸಂಗತಿಯೂ ಸೇರಿಕೊಂಡಿದೆ. ಕೃತಕ ಬುದ್ಧಿಮತ್ತೆಯ ಉಪಕರಣಗಳು ಕೇಳಿದ ಕೂಡಲೆ ದತ್ತಾಂಶ ಪ್ರವೇಶದ ಕಾರ್ಯಕ್ರಮವನ್ನು ಬರೆದುಕೊಡುತ್ತವೆ. ವರ್ಗಗಳ ಹೆಸರುಗಳನ್ನು ಅವು ನಮಗಿಂತ ಚೆನ್ನಾಗಿ ನೆನಪಿಟ್ಟಿವೆ. ಬರೆದುಕೊಟ್ಟದ್ದು ಕರೆಂಟ್ ಹೋದಾಗ ಏನಾಗುತ್ತದೆ, ಇಬ್ಬರು ಒಟ್ಟಿಗೆ ಬಂದಾಗ ಏನಾಗುತ್ತದೆ ಎಂದು ವಿಚಾರಿಸುವ ಹೊಣೆ ಅದನ್ನು ಬಳಸುವ ಮನುಷ್ಯನದೇ. ಡಂಪ್ ಕಲಿಸುತ್ತಿದ್ದ ಹೆಸರುಗಳಿಗೆ ಬೆಲೆ ಇಳಿದಿದೆ, ಅದು ಕಲಿಸದೆ ಬಿಟ್ಟದ್ದಕ್ಕೆ ಏರಿದೆ.

ಪರೀಕ್ಷೆ ನಡೆಸುವವರಿಗೆ ನನ್ನ ಸಲಹೆ ಒಂದೇ. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಬದಲು, ಕೆಟ್ಟಿರುವ ಒಂದು ಕಾರ್ಯಕ್ರಮವನ್ನು ಕೊಟ್ಟು 'ಇದು ಏಕೆ ತಪ್ಪು ಲೆಕ್ಕ ಕೊಡುತ್ತದೆ, ಸರಿಪಡಿಸು' ಎಂದು ಕೇಳಲಿ. ನಮ್ಮ ಕಾಲೇಜುಗಳ ಪ್ರಾಯೋಗಿಕ ಪರೀಕ್ಷೆಗಳಲ್ಲೂ ಹೀಗೆಯೇ ಆಗಲಿ. ಮೊನ್ನೆಯಿಂದ ನಾನು 980 ಎಂದು ಬರೆದು ತಂದವರಿಗೆ ಅಂಕ ಕೊಡುವ ಮುಂಚೆ ಮೂಲ ಅಳತೆಗಳ ಕಾಗದ ಕೇಳುತ್ತಿದ್ದೇನೆ. 968 ತಂದು, ದಾರದ ಉದ್ದ ಅಳೆಯುವಾಗ ಗುಂಡಿನ ತ್ರಿಜ್ಯ ಸೇರಿಸುವುದನ್ನು ಮರೆತೆ ಎಂದು ಕಾರಣ ಹೇಳಿದ ಹುಡುಗಿಗೆ ಪೂರ್ಣಾಂಕ ಕೊಟ್ಟೆ.

ಕುರುಗೋಡಿನ ಹುಡುಗನಿಗೆ ಆ ಹಳೆಯ ಪುಸ್ತಕ ಕೊಟ್ಟೆ. 'ಇದರಲ್ಲಿರೋ ಹೆಸರುಗಳನ್ನ ಬಿಡಪ್ಪ, ಅಂಚಿನಲ್ಲಿ ನಿಮ್ಮ ಅಕ್ಕ ಪೆನ್ಸಿಲ್‌ನಲ್ಲಿ ಬರೆದಿರೋದನ್ನ ಓದು' ಎಂದೆ. ಅಂಚಿನಲ್ಲಿ ಅವಳು ಆ ನಾಲ್ಕೂ ಪ್ರಯೋಗಗಳನ್ನು ತಾರೀಖಿನೊಡನೆ ಬರೆದಿದ್ದಾಳೆ: ಏನು ಕೆಡಿಸಿದೆ, ಏನಾಯಿತು, ಹೇಗೆ ಸರಿಹೋಯಿತು. ಅವಳು ಆ ಪರೀಕ್ಷೆ ಪಾಸಾದಳು, ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಪ್ರಮಾಣಪತ್ರ ಎಲ್ಲಿಟ್ಟಿದ್ದಾಳೋ ಅವಳಿಗೇ ನೆನಪಿಲ್ಲವಂತೆ. ಹುಡುಗನ ಪರೀಕ್ಷೆಗೆ ಇನ್ನೂ ಏಳು ವಾರ ಇದೆ. ವಾರಕ್ಕೊಂದರಂತೆ ಕೆಡಿಸಿ ನೋಡಲು ಸಾಕಷ್ಟು ಸಮಯ.